ಮೂರು ಬೆರಳಿನ ಬಿರುಕು

...ಇಲ್ಲ, ಬಿರುಕು ಬಂಡೆಯ ಬಲಗಡೆಗೇ ಇತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಹೋದ ತಿಂಗಳು ಇದೇ ಸಂಗತಿಯನ್ನು ಗೆಳೆಯರೊಬ್ಬರಿಗೆ ಹೇಳುವಾಗ ಎಡಗಡೆ ಎಂದಿದ್ದೆ. ಅವರು ತಲೆಯಾಡಿಸಿದರು, ಕಥೆಗೂ ಏನೂ ಧಕ್ಕೆಯಾಗಲಿಲ್ಲ. ಆಗಿನಿಂದ ನನಗೆ ನನ್ನ ಮೇಲೇ ಗುಮಾನಿ. ಎಡ ಬಲ ಅದಲುಬದಲಾದರೂ ಕೆಡದ ನೆನಪನ್ನು ಎಷ್ಟು ನಂಬಬೇಕು? ಮಾವನ ರುಮಾಲು ಕೆಂಪಗಿತ್ತು ಎಂದು ನನ್ನ ನೆನಪು. ನಮ್ಮ ಅವ್ವನನ್ನು ಕೇಳಿದರೆ, ತನ್ನ ತಮ್ಮ ಜನ್ಮದಲ್ಲಿ ಕೆಂಪು ರುಮಾಲು ಸುತ್ತಿದವನಲ್ಲ ಅನ್ನುತ್ತಾಳೆ. ಹಾಗಾದರೆ ಇಷ್ಟು ವರ್ಷದಿಂದ ಕೆಂಪು ರುಮಾಲು ಸುತ್ತಿಕೊಂಡು ನನ್ನ ತಲೆಯೊಳಗೆ ಗುಡ್ಡ ಹತ್ತಿ ಇಳಿಯುತ್ತಿರುವವನು ಯಾರು?

ಇರಲಿ. ಒಂದು ಮಾತಂತೂ ಖರೆ. ನನ್ನ ಸೋದರಮಾವ, ಏನೂ ಆಗದೆ ಇರುವುದನ್ನು ನೋಡಿಕೊಂಡು ಬರುವುದಕ್ಕಾಗಿ ಸರಕಾರದ ಪಗಾರ ಪಡೆದ ಮನುಷ್ಯ. ಇದರಲ್ಲೇನು ವಿಶೇಷ, ಇಂಥವರು ಕಚೇರಿ ತುಂಬ ಇದ್ದಾರಲ್ಲ ಎಂದು ನೀವು ನಗಬಹುದು. ಅವರು ಆ ಕೆಲಸವನ್ನು ಕುರ್ಚಿಯಲ್ಲಿ ಕೂತು ಮಾಡುತ್ತಾರೆ ಸ್ವಾಮಿ! ನಮ್ಮ ಮಾವ ದಿನಾ ಗುಡ್ಡ ಹತ್ತಿ ಮಾಡುತ್ತಿದ್ದ.

ಮಾವ ಹುಟ್ಟಿದ್ದು ಮಸಗುಪ್ಪಿಯ ಎರೆಹೊಲದ ಬಯಲಿನಲ್ಲಿ. ನಾಯಿಗೆ ಒಗೆಯಬೇಕೆಂದರೂ ಒಂದು ಕಲ್ಲು ಸಿಗದ ನೆಲ ಅದು. ಅಲ್ಲಿಂದ ಗೋಕಾಕಕ್ಕೆ ಮನೆ ಅಳಿಯನಾಗಿ ಬಂದ. ಹೆಂಡತಿಯ ಮನೆ ಗುಡ್ಡದ ಬುಡದ ಓಣಿಯಲ್ಲಿ, ಮೂವತ್ತು ಮನೆಗಳ ಸಾಲಿನ ಕಟ್ಟಕಡೆಗೆ. ಹಿತ್ತಲ ಗೋಡೆಗೆ ಗುಡ್ಡವೇ ಬೆನ್ನು ಕೊಟ್ಟು ನಿಂತಿತ್ತು. ನೆತ್ತಿಯ ಮೇಲೆ ನಾಲ್ಕು ಮನೆಗಳಷ್ಟು ದೊಡ್ಡದೊಂದು ಬಂಡೆ ಮುಂದಕ್ಕೆ ಬಾಗಿ, ಓಣಿಯವರು ಏನು ಅಡಿಗೆ ಮಾಡುತ್ತಿದ್ದಾರೆಂದು ಇಣುಕುವಂತೆ ಕೂತಿತ್ತು. ಇಂಥ ಮನೆಗೆ ಹೇಗೆ ಒಪ್ಪಿದೆ ಎಂದು ಕೇಳಿದರೆ ಮಾವ ಹೇಳುತ್ತಿದ್ದ: "ಹೆಣ್ಣ ನೋಡಾಕ ಬಂದಿದ್ನಿ. ಹೆಣ್ಣ ನೋಡಿದ್ನಿ. ಮ್ಯಾಲ ಯಾರ ನೋಡತಾರ?"

ನಾನು ಆಗಷ್ಟೇ ಸಾಲಿ ಮಾಸ್ತರನಾಗಿ ಗೋಕಾಕಕ್ಕೆ ಬಂದು ಮಾವನ ಮನೆಯಲ್ಲೇ ಇಳಿದುಕೊಂಡಿದ್ದೆ. ಆ ವರ್ಷದ ಮಳೆಗೆ ಗುಡ್ಡದಿಂದ ಸಣ್ಣ ಗುಂಡೊಂದು ಉರುಳಿ ಬಂದು ಒಂದು ಎಮ್ಮೆ ಸತ್ತಿತು. ಅದು ಕಚೇರಿಯ ಶಿರಸ್ತೇದಾರರ ಎಮ್ಮೆ. ಓಣಿಯವರ ಎಮ್ಮೆಯಾಗಿದ್ದರೆ ಸರಕಾರಕ್ಕೆ ಎಚ್ಚರವಾಗುತ್ತಿತ್ತೋ ಇಲ್ಲವೋ, ಈ ಎಮ್ಮೆಗಂತೂ ಆಯಿತು. ಬೆಳಗಾವಿಯಿಂದ ಓವರಸಿಯರ ಸಾಹೇಬರು ಬಂದರು. ಪುಣೆಯ ಕಡೆಯವರು, ಕನ್ನಡವನ್ನು ಅಳತೆ ಪಟ್ಟಿ ಹಿಡಿದು ಮಾತಾಡುವವರು. ಗುಡ್ಡ ಹತ್ತಿ ದೊಡ್ಡ ಬಂಡೆಯನ್ನು ಸುತ್ತಿ ನೋಡಿದರೆ ಅದರ ಮೈಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕು! ಬಿರುಕಿನೊಳಗೆ ನೀರು ಇಳಿಯುತ್ತದೆ, ನೀರು ಬುಡದ ಮಣ್ಣನ್ನು ತಿನ್ನುತ್ತದೆ, ಒಂದಲ್ಲ ಒಂದು ದಿನ ಮುಂದಿನ ಹೋಳು ಓಣಿಗೆ ಬರುತ್ತದೆ ಎಂದು ಬಿಡಿಸಿ ಹೇಳಿದರು. ಬಂಡೆಗೆ ಆಧಾರದ ಗೋಡೆ ಕಟ್ಟಿಸಬೇಕು, ಆದರೆ ಅದಕ್ಕೆ ಮೇಲಿನವರ ಮಂಜೂರಿ ಬೇಕು. ಅಲ್ಲಿಯವರೆಗೆ ಮೇಲೆ ಒಂದು ಕಾಲುವೆ ತೋಡಿ ನೀರನ್ನು ಬೇರೆ ಕಡೆ ತಿರುಗಿಸುವುದು, ಬಂಡೆಗೆ ಒಬ್ಬ ಕಾವಲುಗಾರನನ್ನು ಇಡುವುದು, ಓಣಿಯವರಿಗೆ ಓಡುವುದನ್ನು ಕಲಿಸುವುದು ಎಂದು ಹುಕುಮಾಯಿತು.

ಕಾವಲಿಗೆ ಯಾರು? ನಾಲ್ಕಾರು ಜನ ಬಂದರು. ಸಾಹೇಬರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು. ಬಂಡೆ ಬಿದ್ದರೆ ಮೊದಲು ಯಾರ ಮನೆಯ ಮೇಲೆ ಬೀಳುತ್ತದೆ? ಮಾವ ಕೈ ಎತ್ತಿದ. ಅಷ್ಟೇ, ಕೆಲಸ ಸಿಕ್ಕಿತು! ಓದು ಬರಹ ಬರುತ್ತದೆಯೇ ಎಂದು ಆಮೇಲೆ ಕೇಳಿದರು. ಮಾವ ನನ್ನ ಕಡೆ ಬೆರಳು ಮಾಡಿ, ಅದಕ್ಕೆ ಅಳಿಯ ಇದ್ದಾನಲ್ಲ ಅಂದ. ಹೀಗೆ ಪಗಾರವಿಲ್ಲದೆ ನಾನೂ ಸರಕಾರದವನಾದೆ. ಪ್ರತಿ ಶನಿವಾರ ಮಾವ ಹೇಳಿದ್ದನ್ನು ಬರೆದು ಕಳಿಸುವುದು ನನ್ನ ಪಾಲಿಗೆ ಬಂತು.

ಸರಕಾರ ಮಾವನಿಗೆ ಒಂದು ಜಾಗಟೆ, ಒಂದು ಕಟ್ಟಿಗೆಯ ಅಳತೆ ಪಟ್ಟಿ, ಒಂದು ವರದಿ ಪುಸ್ತಕ ಕೊಟ್ಟಿತು. ಭಯವನ್ನು ಮಾತ್ರ ಅವನೇ ತಂದುಕೊಂಡ. ಬಂಡೆ ಬೀಳುತ್ತದೆಂಬ ಭಯವಲ್ಲ ಅದು. ಅದು ಅಲುಗಾಡಿದ್ದು ತನಗೆ ತಿಳಿಯದೆ ಹೋದರೆ? ತಾನು ನೋಡುತ್ತಿರುವಾಗಲೇ, ತನಗೆ ಕಾಣದಂತೆ, ಮೂವತ್ತು ಮನೆ ಹೋದರೆ? ಊಟಕ್ಕೆ ಕೂತಾಗಲೂ ಒಂದು ಕಿವಿಯನ್ನು ಹಿತ್ತಲ ಕಡೆ ಇಟ್ಟಿರುತ್ತಿದ್ದ.

ಬೆಳಿಗ್ಗೆ ಬಂಡೆಯ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಮಾತಾಡಿಸುತ್ತಿದ್ದ. "ಹೆಂಗದೀರಿ? ರಾತ್ರಿ ಮಳಿ ಜೋರಿತ್ತು, ತ್ರಾಸ ಆಗಲಿಲ್ಲಲ್ರಿ?" ಊರಿನ ಗೌಡರನ್ನೂ ಏಕವಚನದಲ್ಲಿ ಕರೆಯುತ್ತಿದ್ದ ಮನುಷ್ಯ ಬಂಡೆಗೆ ಬಹುವಚನ ಹಚ್ಚುತ್ತಿದ್ದ. ಯಾಕೆ ಮಾಮಾ ಅಂದರೆ, ಗೌಡ ಸಿಟ್ಟಾದರೆ ಬೈಯುತ್ತಾನೆ ಅಷ್ಟೇ, ಇವರ ಸಿಟ್ಟು ಹಾಗಲ್ಲ ಅಂದ.

ಆಮೇಲೆ ಮಾಮಲೇದಾರರ ಕಚೇರಿಯಿಂದ ಒಂದು ಕಾಗದ ಬಂತು. ಓಣಿಯ ಕಟ್ಟೆಯ ಮೇಲೆ ನಿಂತು ನಾನೇ ಓದಿದೆ. ಪ್ರತಿ ಮನೆಯವರು ಅತಿ ಅವಶ್ಯಕವಾದ ಸಾಮಾನುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಬಾಗಿಲ ಹತ್ತಿರ ಇಡತಕ್ಕದ್ದು, ಜಾಗಟೆ ಕೇಳಿದೊಡನೆ ಗಂಟು ಎತ್ತಿಕೊಂಡು ಸಾಲಿಯ ಬಯಲಿಗೆ ಬರತಕ್ಕದ್ದು. ಒಂದು ವಾರದ ನಂತರ ಮಾವ ಗಂಟುಗಳ ಚೌಕಶಿಗೆ ಹೊರಟ. ಅಯ್ಯೋ, ಮನುಷ್ಯನಿಗೆ ಅತಿ ಅವಶ್ಯಕವಾದದ್ದು ಯಾವುದೆಂದು ತಿಳಿಯಬೇಕಾದರೆ ವೇದಾಂತ ಓದಬಾರದು, ಇಂಥ ಗಂಟು ಬಿಚ್ಚಿ ನೋಡಬೇಕು. ಒಂದು ಮನೆಯಲ್ಲಿ ಗಂಟೇ ಒಂದು ಗಾಡಿಯ ಹೇರಾಗಿ, ಅದನ್ನು ದಾಟಿ ಹೊರಗೆ ಬರಲಾರದೆ ಮನೆಯವರು ಹಿತ್ತಲಿನಿಂದ ಓಡಾಡುತ್ತಿದ್ದರು. ನಡುಗೋಡೆ ಯಾರದೆಂದು ಹನ್ನೊಂದು ವರ್ಷದಿಂದ ಕೋರ್ಟಿನಲ್ಲಿ ಖಟ್ಲೆ ಆಡುತ್ತಿದ್ದ ಎರಡು ಮನೆಗಳ ಗಂಟಿನಲ್ಲೂ ಖಟ್ಲೆಯ ಕಾಗದ ಬಿಟ್ಟರೆ ಬೇರೇನಿರಲಿಲ್ಲ. ಬಂಡೆ ಬಂದು ಗೋಡೆ ಹೋದರೂ ಹೋಗಲಿ, ಗೋಡೆಯ ಖಟ್ಲೆ ಉಳಿಯಬೇಕು!

ನಡುಓಣಿಯಲ್ಲಿ ಒಬ್ಬಂಟಿಯಾಗಿದ್ದ ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಆಕೆಯ ಗಂಟಿನಲ್ಲಿ ಮಡಿಕೆ ಬಿಚ್ಚದ ಒಂದು ಇಳಕಲ್ ಸೀರೆ ಮಾತ್ರ ಇತ್ತು. ಇದೇನು ಆಯಿ ಅಂದರೆ, "ಬದುಕಿದ್ರ ಮೈಮ್ಯಾಲಿನದ ಸಾಕು. ಸತ್ರ ಇದನ್ನ ಉಡಸ್ರಿ. ಎರಡಕ್ಕೂ ತಯಾರಿ ಆತಲ್ಲ," ಅಂದಳು. ಕಾಗದ ಬರೆದ ಮಾಮಲೇದಾರರಿಗೂ ಇಷ್ಟು ಹೊಳೆದಿರಲಿಕ್ಕಿಲ್ಲ. ಕೊನೆಗೆ ನಮ್ಮ ಮನೆ. ಅತ್ತಿ, ಅಂದರೆ ಮಾವನ ಹೆಂಡತಿ, ಗಂಟೇ ಕಟ್ಟಿರಲಿಲ್ಲ. ಕಾವಲುಗಾರನ ಮನೆಯಲ್ಲೇ ಹೀಗಾದರೆ ಹೇಗೆ ಎಂದು ಮಾವ ರೇಗಿದ. ಅತ್ತಿ ಒಲೆಯ ಮುಂದಿನಿಂದ ಏಳಲೂ ಇಲ್ಲ. "ನನ್ನ ಗಂಟ ದಿನಾ ಗುಡ್ಡಕ್ಕ ಹೋಗಿ ಬರತೈತಿ. ಅದು ಮದಲ ಕೆಳಗ ಇಳದ ಬರಲಿ," ಅಂದಳು.

ಮೊದಲ ಸಲ ಓಡುವ ಅಭ್ಯಾಸ ಮಾಡಿಸಿದ ದಿನ ನನ್ನ ಕಣ್ಣ ಮುಂದೆ ಈಗಲೂ ಕಟ್ಟಿದಂತಿದೆ (ಅಂದರೆ ಅರ್ಧ ನಾನೇ ಕಟ್ಟಿರಬೇಕು). ಇಳಿಹೊತ್ತಿನಲ್ಲಿ ಮಾವ ಮೇಲಿನಿಂದ ಜಾಗಟೆ ಬಾರಿಸುತ್ತ ಕೆಳಗೆ ಓಡಿ ಬಂದ. ಇಡೀ ಓಣಿ ಬಾಗಿಲು ತೆರೆದು ಹೊರಗೆ ಬಿತ್ತು, ಸಾಹೇಬರು ಬಯಸಿದಂತೆಯೇ ಓಡಿತು. ಆದರೆ ಸಾಲಿಯ ಕಡೆ ಅಲ್ಲ, ಗುಡ್ಡದ ಕಡೆ! ಬಂಡೆ ಬೀಳುತ್ತಿದ್ದರೆ ಅದನ್ನು ನೋಡದೆ ಯಾರು ಬಿಟ್ಟಾರು? ಇಳಿದು ಬರುವ ಮಾವನೂ ಹತ್ತಿ ಹೋಗುವ ಓಣಿಯೂ ನಡುದಾರಿಯಲ್ಲಿ ಎದುರಾದರು. ಎಲ್ಲಿ ಬಿತ್ತು ಎಂದು ಕೇಳಿದರು. ಏನೂ ಬಿದ್ದಿಲ್ಲ ಅಂದ. ಜನರ ಮುಖ ಬಾಡಿತು. ಮತ್ತೆ ಬಾರಿಸಿದ್ದೇಕೆ ಎಂದು ಒಬ್ಬ ಜಗಳಕ್ಕೇ ನಿಂತ. ಮಾವ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಜಾಗಟೆಯನ್ನು ತೊಡೆಯ ಮೇಲಿಟ್ಟುಕೊಂಡು, ನೀವು ಸಾಯುವುದನ್ನು ನೀವೇ ನೋಡಲು ಬಂದಿರಲ್ಲ ಅಂದ. ಅದಕ್ಕೂ ನಕ್ಕರು. ಆದರೂ ಬಿಡಲಿಲ್ಲ ಅವನು. ತಿಂಗಳಿಗೊಂದು ಸಲ ಓಡಿಸಿ ಓಡಿಸಿ, ಐದನೆಯ ಸಲಕ್ಕೆ ಅರ್ಧ ಓಣಿಯಾದರೂ ಸಾಲಿಯ ದಿಕ್ಕು ಹಿಡಿಯಿತು. ಇನ್ನರ್ಧ ಕಟ್ಟೆಯ ಮೇಲೆ ಕೂತು ಅವರನ್ನು ನೋಡಿತು.

ಈಗ ಸುಣ್ಣದ ಸಂಗತಿ. ಬಂಡೆ ಸರಿಯುತ್ತಿದೆಯೋ ಇಲ್ಲವೋ ತಿಳಿಯಲಿಕ್ಕೆ ಸಾಹೇಬರಲ್ಲಿ ಒಂದು ಉಪಾಯವಿತ್ತು. ಬಿರುಕಿಗೆ ಅಡ್ಡಲಾಗಿ, ಈ ದಡದಿಂದ ಆ ದಡಕ್ಕೆ, ಗೇಣಗಲ ಸುಣ್ಣದ ಗಾರೆಯ ಪಟ್ಟಿ ಬಳಿಯುವುದು. ಬಂಡೆ ಕೂದಲಷ್ಟು ಸರಿದರೂ ಗಾರೆ ಸೀಳುತ್ತದೆ, ಸೀಳಿದರೆ ಜಾಗಟೆ. ಎಷ್ಟು ಸರಳ! ಮೇಲೊಂದು, ನಡುವೆ ಒಂದು, ಕೆಳಗೊಂದು ಪಟ್ಟಿ ಬಳಿಸಿ, ಕೈ ತೊಳೆದುಕೊಂಡು ಬೆಳಗಾವಿಗೆ ಹೋದರು.

ಪುಣೆಯ ಕಡೆಯವರಿಗೆ ತಿಳಿಯಲಿಲ್ಲ, ಸರಿ. ನಮಗಾದರೂ ತಿಳಿಯಬಾರದೇ? ಮನೆಮನೆಯಲ್ಲೂ ಬೆಳಗೆದ್ದು ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಳ್ಳುವ ಓಣಿ ಅದು. ನೆತ್ತಿಯ ಮೇಲಿನ ಬಂಡೆಯ ಹಣೆಯಲ್ಲಿ ಸಾಲಾಗಿ ಮೂರು ಬಿಳಿ ಪಟ್ಟಿ! ಮೊದಲ ಸೋಮವಾರ ಅದರ ಬುಡದಲ್ಲಿ ಎರಡು ಹೂವು ಇದ್ದವು. ಮುಂದಿನ ಸೋಮವಾರ ತೆಂಗಿನಕಾಯಿ ಒಡೆಯಿತು. ತಿಂಗಳು ತುಂಬುವುದರೊಳಗೆ ಬಂಡೆಗೆ ಕಲ್ಲಪ್ಪ ಎಂದು ಹೆಸರಾಗಿ, ಕಲ್ಲಪ್ಪನಿಗೆ ಹರಕೆ ಹೊತ್ತು ಹಡೆದ ಮಗುವೂ ಕಲ್ಲಪ್ಪನಾಯಿತು. ಮಾವ ತಡೆಯಲಿಲ್ಲವೇ ಎನ್ನುತ್ತೀರಾ? ತಡೆಯಲೆಂದೇ ಹೋದ. ಎದುರಿಗೆ ನಿಂತೊಡನೆ ಅವನ ಕೈಯೇ ಎದ್ದು ಮುಗಿದುಬಿಟ್ಟಿತಂತೆ. ಮುಗಿದ ಮೇಲೆ ಬೈಯುವುದು ಹೇಗೆ?

ಸಾಹೇಬರಿಗಂತೂ ಭಾರಿ ಖುಷಿ. "ಪಟ್ಟಿ ಮೂರೂ ಅಖಂಡ ಇವೆ" ಎಂದು ವಾರ ವಾರ ನನ್ನ ದುಂಡು ಅಕ್ಷರದ ವರದಿ ಹೋಗುತ್ತಿತ್ತು. ನಾಲ್ಕು ತಿಂಗಳು ಒಂದು ಸೀಳಿಲ್ಲ. ಬಂಡೆ ಭದ್ರವಾಗಿದೆ, ಗೋಡೆಗೆ ಅವಸರವಿಲ್ಲ ಎಂದು ಅವರು ಮೇಲಿನವರಿಗೂ ಬರೆದರು.

ಒಂದು ಮುಂಜಾನೆ ಮಾವ ಎಂದಿಗಿಂತ ಬೇಗ ಹೋದ. ರಜೆಯೆಂದು ನಾನೂ ಜೊತೆಗಿದ್ದೆ. ಬಂಡೆಯ ಮುಂದೆ ಆಯಿ ಕುಡುಗೋಲಿನಂತೆ ಬಾಗಿ ನಿಂತು ಏನೋ ಮೆತ್ತುತ್ತಿದ್ದಳು.

"ಆಯಿ, ಏನ ಮಾಡಾಕತ್ತಿ?"

"ಕಾಣಂಗಿಲ್ಲೇನ? ಕಲ್ಲಪ್ಪನ ಹಣಿ ಈಬತ್ತಿ ಸೀಳೇತಿ. ತುಂಬಾಕತ್ತೇನಿ."

"ಇದ ಮದಲನೇ ಸಲಾನ?"

"ಮದಲನೇದ ಅಂತ! ವಾರಕ್ಕ ಎರಡ ಸಲ ಸೀಳತೈತಿ. ಒಮ್ಮಿ ನಾ ತುಂಬತೇನಿ, ಒಮ್ಮಿ ನಿನ್ನ ಹೇಣ್ತಿ ತುಂಬತಾಳ. ದೇವರ ಹಣಿ ಒಡಕ ಇಟಗೊಂಡ ಹೆಂಗ ಇರತೈತೋ?"

ಮಾವ ಮೂರೂ ಪಟ್ಟಿಗಳ ಮೇಲೆ ಉಗುರಾಡಿಸಿ ನೋಡಿದ. ನಾಲ್ಕು ತಿಂಗಳು ತಾನು ನೋಡುತ್ತಲೇ ಇದ್ದ, ತನ್ನ ಕಣ್ಣ ಮುಂದೆಯೇ ಅದು ಸೀಳುತ್ತಲೇ ಇತ್ತು, ಭಕ್ತಿ ಅದನ್ನು ಮುಚ್ಚುತ್ತಲೇ ಇತ್ತು! ಯಾವುದಕ್ಕೆ ಹೆದರಿದ್ದನೋ ಅದೇ ಆಗಿತ್ತು. ಬಿಸಿಲಿಗೆ ಸುಣ್ಣ ತಾನಾಗಿಯೇ ಸೀಳಿತೋ ಬಂಡೆ ಸರಿದು ಸೀಳಿತೋ ಎಂದು ಸಾಹೇಬರು ಆಮೇಲೆ ಎಷ್ಟೋ ತಲೆ ಕೆಡಿಸಿಕೊಂಡರು. ವಿಭೂತಿಯ ಕೆಳಗೆ ಸೇರಿಹೋದದ್ದನ್ನು ಯಾರು ಓದಬೇಕು?

ಅವರು ಸೋಲೊಪ್ಪುವವರಲ್ಲ. ಹಳೆಯದನ್ನು ಕೆರೆದು ತೆಗೆಸಿ ಒಂದೇ ಒಂದು ಪಟ್ಟಿ ಬಳಿಸಿದರು. ಮರುದಿನಕ್ಕೆ ಯಾರೋ ಪುಣ್ಯಾತ್ಮರು ಉಳಿದೆರಡನ್ನು ಎಳೆದು ಪೂರ್ತಿ ಮಾಡಿದ್ದರು. ಬಿಳಿಯದೇ ತೊಂದರೆ ಎಂದು ಕೆಂಪು ಬಳಿಸಿದರು. ಶನಿವಾರ ಬರುವುದೇ ತಡ, ಪಕ್ಕದ ಓಣಿಯವರು ಎಣ್ಣೆ ತಂದು ಹಣಮಪ್ಪ ಅಂದರು. ಕಲ್ಲಪ್ಪನವರಿಗೂ ಹಣಮಪ್ಪನವರಿಗೂ ಕೈಗೆ ಕೈ ಹತ್ತುವುದರಲ್ಲಿತ್ತು. ಕೊನೆಗೆ ಸಾಹೇಬರು ಹಲ್ಲು ಕಚ್ಚಿ ಡಾಂಬರು ಹಚ್ಚಿಸಿದರು. ಬಂಡೆಗೆ ದೃಷ್ಟಿಯಾಗಿದೆ ಎಂದು ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಆ ದಿನ ಸಾಹೇಬರು ಟೋಪಿ ತೆಗೆದು ಗುಡ್ಡದ ಮೇಲೇ ಬಹಳ ಹೊತ್ತು ಕೂತಿದ್ದರು. ಆಮೇಲೆ ಯಾವ ಬಣ್ಣವನ್ನೂ ತರಲಿಲ್ಲ.

ಉಳಿದದ್ದು ಕಟ್ಟಿಗೆಯ ಅಳತೆ ಪಟ್ಟಿ. ಅದು ಮಳೆಯಲ್ಲಿ ನೆಂದು ಉಬ್ಬಿ, ಅದರ ಮೇಲಿನ ಗೆರೆಗಳೆಲ್ಲ ತೊಳೆದುಹೋಗಿದ್ದವು. ಆಗ ಮಾವ ತನ್ನದೇ ಅಳತೆ ಹುಡುಕಿದ. ದಿನಾ ಒಂದೇ ಜಾಗದಲ್ಲಿ, ಎದೆಯ ಎತ್ತರಕ್ಕೆ, ಬಲಗೈ ಬೆರಳುಗಳನ್ನು ಜೋಡಿಸಿ ಬಿರುಕಿನೊಳಗೆ ತೂರಿಸುವುದು. ಮೂರು ಬೆರಳು ಬಿಗಿಯಾಗಿ ಹಿಡಿಯುತ್ತಿದ್ದವು. ಇಂಚಿನಲ್ಲಿ ಬರೆಯಿರಿ ಎಂದು ಸಾಹೇಬರು ಕಾಗದ ಬರೆದರು. ಮಾವ ನನ್ನಿಂದ ಉತ್ತರ ಬರೆಸಿದ: ಇಂಚು ನಿಮ್ಮ ಕಡೆ ಇದೆ, ಬಂಡೆ ನಮ್ಮ ಕಡೆ ಇದೆ, ಬೆರಳನ್ನು ಮಾತ್ರ ಯಾರೂ ಪೂಜೆ ಮಾಡುವುದಿಲ್ಲ. ಸಾಹೇಬರು ನಕ್ಕಿರಬೇಕು, ಮತ್ತೆ ಕೇಳಲಿಲ್ಲ.

ಮುಂಗಾರಿನ ಮಿರಗದ ಮಳೆ ಹಿಡಿಯಿತು. ಆಗಿನ ವರದಿಗಳು ನನಗೆ ಬಾಯಿಪಾಠ. ಇದೊಂದನ್ನು ಮಾತ್ರ ನೀವು ನಂಬಬಹುದು, ಬರೆದವನು ನಾನೇ. "ಮೂರು ಬೆರಳು, ಬಿಗಿ." ಮುಂದಿನ ವಾರವೂ ಅದೇ. ಆಮೇಲೆ, "ಮೂರು ಬೆರಳು, ಸಡಿಲು." ಆಮೇಲೆ, "ಮೂರು ಬೆರಳು, ಸಂದಿಯಲ್ಲಿ ಗಾಳಿ ಆಡುತ್ತದೆ." ಈ ಗಾಳಿಯ ಮಾತು ನನ್ನದು, ಸರಕಾರಿ ಕಾಗದಕ್ಕೂ ಒಂದಿಷ್ಟು ಕಾವ್ಯ ಇರಲಿ ಎಂಬ ಚಪಲ ನನಗೆ ಆಗ. ಅದರ ಬೆನ್ನಿಗೆ ಬಂದ ಆದ್ರಿ ಮಳೆಗೆ, "ಕಿರುಬೆರಳು ಬಾಗಿಲಲ್ಲಿ ನಿಂತಿದೆ." ಬರೆದು, ಮೆಚ್ಚಿಗೆಗೆಂದು ಮಾವನಿಗೆ ಓದಿ ತೋರಿಸಿದೆ. ಅವನು ನಗಲಿಲ್ಲ. ಬಿರುಕು ಬೆಳೆಯುತ್ತಿದೆ ಅಂದ, ಅಷ್ಟೇ. ಬಂಡೆಯನ್ನು ಮಾತಾಡಿಸುವುದನ್ನೂ ಬಿಟ್ಟಿದ್ದ. ರೊಟ್ಟಿಯ ಬುತ್ತಿ ಕಟ್ಟಿಸಿಕೊಂಡು ಹೋಗಿ ದಿನವಿಡೀ ಗುಡ್ಡದಲ್ಲೇ ಇರುತ್ತಿದ್ದ. ಸಂಜೆ ಖಾಲಿ ಬಟ್ಟೆ ತರುತ್ತಿದ್ದ.

ಅವತ್ತು ಮಧ್ಯಾಹ್ನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ನಾನು ಸಾಲಿಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಜಾಗಟೆ ಕೇಳಿತು. ಅಭ್ಯಾಸದ ದಿನವಲ್ಲ ಅದು. ಓಡಿ ಹೋದೆ. ಮಾವ ಮನೆಮನೆಯ ಬಾಗಿಲಿಗೆ ನಿಂತು, ತಂಗಿ ನಡಿ, ಅಣ್ಣಾ ನಡೀರಿ ಎಂದು ಮೆಲ್ಲಗೆ ಹೇಳುತ್ತಿದ್ದ. ಬೊಬ್ಬೆ ಹಾಕಿದ್ದರೆ ಜನ ಮತ್ತೆ ಗುಡ್ಡಕ್ಕೇ ಓಡುತ್ತಿದ್ದರೋ ಏನೋ. ಆ ಮೆಲ್ಲನೆಯ ಮಾತಿಗೆ ಹೆದರಿದರು. ಬಯ್ಗುಳವಿಲ್ಲ, ತಮಾಷೆಯಿಲ್ಲ, ಮಾವ ಹಾಗೆ ಮಾತಾಡಿದ್ದನ್ನು ಅವರು ಕೇಳಿಯೇ ಇರಲಿಲ್ಲ. ಗಂಟು ಎತ್ತಿಕೊಂಡು, ದನ ಬಿಚ್ಚಿಕೊಂಡು ಮೂವತ್ತು ಮನೆಯೂ ಸಾಲಿಯ ಕಡೆ ಹೊರಟಿತು. ಒಬ್ಬರೂ ಮೇಲೆ ಹತ್ತಲಿಲ್ಲ.

ಆಯಿ ಒಬ್ಬಳು ಏಳಲಿಲ್ಲ. ದಿನಾ ನೀರು ಹಾಕಿದ್ದೇನೆ, ಕಲ್ಲಪ್ಪ ನನ್ನ ಮೇಲೆ ಬೀಳುವುದಿಲ್ಲ ಎಂದು ಹೊಸ್ತಿಲಿಗೆ ಅಂಟಿ ಕೂತಳು. ಮಾವ ಮಾತು ಬೆಳೆಸದೆ ಬೆನ್ನು ತಿರುಗಿಸಿ ಕೂತು ಆಕೆಯನ್ನು ಹೊತ್ತುಕೊಂಡ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಇಬ್ಬರೂ ಕೆಸರಿನಲ್ಲಿ! ಕಾಲು ಜಾರಿತು ಎಂದುಕೊಂಡು ನಾನು ಎಬ್ಬಿಸಲು ಹೋದೆ. ಅಷ್ಟರಲ್ಲಿ ಆಯಿಯೇ ಎದ್ದು, ಮಾವನ ರೆಟ್ಟೆ ಹಿಡಿದು ಮೇಲೆತ್ತಿದಳು. "ನನ್ನ ಹೊರಾಂವ ನೋಡ ಇಂವ. ಇವನ್ನ ನಾ ಹೊರಬೇಕ ಈಗ," ಎಂದು ಬೈಯುತ್ತ, ಅವನನ್ನು ತಾನೇ ನಡೆಸಿಕೊಂಡು ಸಾಲಿಗೆ ಬಂದಳು. ನಾನು ಅವರ ಹಿಂದೆ ಇಳಕಲ್ ಸೀರೆಯ ಗಂಟು ಹಿಡಿದು ನಗುತ್ತ ಬಂದೆ. ನಗುತ್ತಲೇ ಬಂದೆ. ಇದು ನನಗೆ ಚೆನ್ನಾಗಿ ನೆನಪಿದೆ.

ಸಾಲಿಯಲ್ಲಿ ಮೂರು ದಿನ. ಮೂರನೆಯ ಇಯತ್ತೆಯ ಕೋಣೆಯಲ್ಲಿ ಎಮ್ಮೆಗಳು ಕೂತವು. ಅಲ್ಲಿದ್ದ ಹುಡುಗರಿಗಿಂತ ಶಾಂತವಾಗಿದ್ದವು ಎಂದು ಹೆಡ್‌ಮಾಸ್ತರರೇ ಒಪ್ಪಿದರು. ನಡುಗೋಡೆಯ ಖಟ್ಲೆಯವರಿಬ್ಬರಿಗೂ ಒಂದೇ ಕೋಣೆ ಸಿಕ್ಕಿತ್ತು. ಅವರು ಸೀಮೆಸುಣ್ಣದಿಂದ ನೆಲದ ನಡುವೆ ಗೆರೆ ಎಳೆದು, ಸಂಜೆಯೊಳಗೆ ಆ ಗೆರೆ ಯಾರದೆಂದು ಜಗಳ ತೆಗೆದರು. ಮಳೆ ಸುರಿಯುತ್ತಿತ್ತು. ಬಂಡೆ ಬೀಳಲಿಲ್ಲ. ಮೊದಲ ದಿನ ಜನ ಬೀಳದಿರಲಿ ಎಂದು ಬೇಡಿಕೊಂಡರು. ಎರಡನೆಯ ದಿನ ಯಾಕೆ ಬೀಳಲಿಲ್ಲ ಎಂದು ಕೇಳಿದರು. ಮೂರನೆಯ ದಿನ ಮಾವನ ಮೇಲೆ ಸಿಟ್ಟಾದರು.

ಆ ದಿನವೇ ಸಾಹೇಬರು ಬಂದರು, ಉಕ್ಕಿನ ಅಳತೆ ಪಟ್ಟಿ ಹಿಡಿದುಕೊಂಡು. ಬೇಡವೆಂದರೂ ಅರ್ಧ ಓಣಿ ಹಿಂದೆಯೇ ಗುಡ್ಡ ಹತ್ತಿತು. ಅತ್ತಿಯೂ ಬಂದಳು. ಸಾಹೇಬರು ಬಿರುಕನ್ನು ಅಳೆದರು, ಜೇಬಿನ ಹಳೆಯ ಪುಸ್ತಕ ತೆಗೆದು ನೋಡಿದರು, ಮತ್ತೊಮ್ಮೆ ಅಳೆದರು. ಮೊದಲ ಸಲ ಬಂದಾಗ ಎಷ್ಟಿತ್ತೋ ಅಷ್ಟೇ! ಜೋಳದ ಕಾಳಿನಷ್ಟೂ ಹೆಚ್ಚಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. "ಬೆರಳಿನ ಸಾಹೇಬ್ರು ಮೂರು ದಿನ ನಮ್ಮನ್ನ ಎಮ್ಮಿ ಜೋಡಿ ಸಾಲಿ ಕಲಿಸಿದ್ರಪಾ," ಎಂದು ಒಬ್ಬ ಅಂದದ್ದಕ್ಕೆ ನಾನೂ ನಕ್ಕೆ.

ಯಾವ ಆಧಾರದ ಮೇಲೆ ಜಾಗಟೆ ಬಾರಿಸಿದೆ, ತೋರಿಸು ಎಂದರು ಸಾಹೇಬರು. ದನಿ ಬಿರುಸಾಗಿತ್ತು. ಮಾವ ಮುಂದೆ ಬಂದು ಬಲಗೈ ಬೆರಳು ಜೋಡಿಸಿ ಬಿರುಕಿನೊಳಗೆ ಇಟ್ಟ. ಮೂರೂ ಹೋದವು. ಅವುಗಳ ಪಕ್ಕದಲ್ಲಿ ಕಿರುಬೆರಳೂ ಹೋಯಿತು. ನೋಡ್ರಿ ಎಂಬಂತೆ ಸಾಹೇಬರ ಮುಖ ನೋಡಿದ.

ಸಾಹೇಬರು ಬಿರುಕನ್ನು ನೋಡಲಿಲ್ಲ. ಮಾವನ ಕೈಯನ್ನು ನೋಡುತ್ತಿದ್ದರು. ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು. ನಗು ಒಬ್ಬೊಬ್ಬರಲ್ಲೇ ನಿಂತುಹೋಯಿತು. ನನ್ನಲ್ಲಿ ಕೊನೆಗೆ ನಿಂತಿತು.

ಅತ್ತಿ ಹತ್ತಿರ ಹೋಗಿ ಅವನ ಕೈಯನ್ನು ಬಿರುಕಿನಿಂದ ಹೊರಗೆ ತೆಗೆದಳು. ಅಷ್ಟು ಜನರ ಮುಂದೆ ಗಂಡನ ಕೈ ಹಿಡಿದವಳಲ್ಲ ಅವಳು. ಉಂಗುರದ ಬೆರಳನ್ನು ತಿರುಗಿಸಿ ನೋಡಿದಳು. ಉಂಗುರ ಜಾರದಿರಲೆಂದು ಒಳಗಡೆ ಕರಿ ದಾರ ಸುತ್ತಿತ್ತು, ಒಂದರ ಮೇಲೊಂದು, ದಪ್ಪಗೆ.

"ಯಾವಾಗ ಸುತ್ತಿದ್ರಿ ಇದನ್ನ?"

"ಮಿರಗದಾಗ."

"ಬುತ್ತಿ ಕಟ್ಟಿ ಕೊಟ್ಟ ರೊಟ್ಟಿ ಎಲ್ಲಿ ಹೋಗತಿದ್ದು?"

ಮಾವ ಕೆಳಗೆ ಮೂವತ್ತು ಮನೆಗಳ ಹಂಚನ್ನು ನೋಡುತ್ತ ನಿಂತ. "ಗಂಟಲಾಗ ಇಳೀತಿರಲಿಲ್ಲ," ಅಂದ.

ಇಳಿಯುವಾಗ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, ಜಾಗಟೆ ಬಾರಿಸಿದ ಮೇಲೆ ಓಣಿ ಖಾಲಿಯಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರು. ಒಂದು ಸಲ ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು ಅಂದೆ. ಎಲ್ಲರೂ ಬಂದಿದ್ದರೇ? ಎಲ್ಲರೂ, ಆಯಿಯೂ. ಅದನ್ನು ಬರೆದುಕೊಂಡರು. ಬಿರುಕಿನ ಅಳತೆಯ ಬಗ್ಗೆ ಮೇಲಿನವರಿಗೆ ಏನು ಬರೆದರೋ ನನಗೆ ತಿಳಿಯದು. ಗೋಡೆಗೆ ಮಂಜೂರಿ ಬಂತು. ಚಳಿಗಾಲದಲ್ಲಿ ಕಲ್ಲು ಕುಟಿಗರು ಬಂದು ಬಂಡೆಯ ಬುಡಕ್ಕೆ ಗೋಡೆ ಕಟ್ಟಿದರು. ಅಷ್ಟರಲ್ಲಿ ಮಾವನನ್ನು ಬೆಳಗಾವಿಯ ದವಾಖಾನೆಗೆ ಎರಡು ಸಲ ಒಯ್ದು ತಂದಿದ್ದೆವು. ಹೊಟ್ಟೆಯಲ್ಲಿ ಗಡ್ಡೆ ಎಂದು ಡಾಕ್ಟರರು ಹೇಳಿದ್ದರು. ಗೋಡೆಯ ಕೊನೆಯ ಕಲ್ಲು ಕೂತದ್ದನ್ನು ಅವನು ನೋಡಿದನೇ? ನೋಡಿದರು ಎಂದು ಅತ್ತಿ ಹೇಳುತ್ತಾಳೆ, ಹಿತ್ತಲಲ್ಲಿ ಹೊರಸು ಹಾಕಿ ಮಲಗಿಸಿ ತೋರಿಸಿದೆ ಅನ್ನುತ್ತಾಳೆ. ನನ್ನ ನೆನಪಿನಲ್ಲಿ ಅವನು ಅದಕ್ಕೆ ಮೊದಲೇ ಹೋದ. ನಾನು ವಾದಿಸಲು ಹೋಗಿಲ್ಲ.

ಒಂದೇ ಮನೆಯಲ್ಲಿದ್ದೆ. ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಬಿಗಿ, ಸಡಿಲು, ಗಾಳಿ ಆಡುತ್ತದೆ ಎಂದು ಒಬ್ಬ ಮನುಷ್ಯ ಕರಗುವುದನ್ನು ವಾರ ವಾರ ದುಂಡಗೆ ಬರೆದು ಬೆಳಗಾವಿಗೆ ಕಳಿಸಿದ್ದೇನೆ, ಬರೆದದ್ದು ಚೆನ್ನಾಗಿದೆಯೇ ಎಂದು ಅವನನ್ನೇ ಕೇಳಿದ್ದೇನೆ.

ಉಂಗುರಕ್ಕೆ ದಾರ ಸುತ್ತಿಕೊಂಡವನಿಗೆ ಬೆರಳು ಬಡಕಲಾದದ್ದು ತಿಳಿಯದೆ ಇರುತ್ತದೆಯೇ? ತಿಳಿದಿದ್ದರೆ ಬಿರುಕು ಬೆಳೆಯುತ್ತಿಲ್ಲ ಎಂಬುದೂ ತಿಳಿದಿರಬೇಕು. ತಿಳಿದೂ ಬಾರಿಸಿದನೇ, ತಾನು ಇರುವಾಗಲೇ ಓಣಿ ಒಮ್ಮೆ ನಿಜವಾಗಿ ಓಡುವುದನ್ನು ಕಲಿಯಲಿ ಎಂದು? ಅಥವಾ ಉಂಗುರ ಬೇರೆ, ಬಂಡೆ ಬೇರೆ ಎಂದು ಅವನ ತಲೆಯಲ್ಲಿ ಅವೆರಡೂ ಕೂಡಿಯೇ ಇರಲಿಲ್ಲವೇ? ಕೇಳಬಹುದಾಗಿತ್ತು. ಹೊರಸಿನ ಪಕ್ಕದಲ್ಲಿ ಕೂತಿದ್ದ ಎಷ್ಟೋ ಸಂಜೆಗಳಿದ್ದವು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನನಗೆ ಗೊತ್ತಿಲ್ಲ.